ಬಿಸಿಲಿಗೆ ಸುಡದ ಕಾರ್ಡ್

ಆ ದಿನ ಬಿಸಿಲಿಗೆ ಕಾರಿನ ಕ್ಯಾಮೆರಾದ ಮೆಮೊರಿ ಕಾರ್ಡ್ ಸುಟ್ಟುಹೋಯಿತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮನೆಗೆ ಬಂದವರಿಗೂ ಹಾಗೆಯೇ ಹೇಳುತ್ತಾರೆ, ಬಂದವರು ತಲೆಯಾಡಿಸಿ ಚಹಾ ಕುಡಿದು ಹೋಗುತ್ತಾರೆ. ಕಲಬುರಗಿಯಲ್ಲಿ ಬಿಸಿಲಿನ ಮೇಲೆ ಹೊರಿಸಿದ ಆರೋಪವನ್ನು ಯಾರೂ ಪ್ರಶ್ನಿಸುವುದಿಲ್ಲ. ಹಾಲು ಒಡೆದರೆ ಬಿಸಿಲು, ಟೈರು ಒಡೆದರೆ ಬಿಸಿಲು, ಗಂಡ ಹೆಂಡಿರ ಮಾತು ಒಡೆದರೂ ಬಿಸಿಲೇ. ನಾನು ಮಾತ್ರ ಈ ಕಥೆಯನ್ನು ಒಪ್ಪಿಲ್ಲ. ಆ ಕಾರ್ಡನ್ನು ಆರಿಸಿದವಳು ನಾನು ಎಂಬುದು ಒಂದು ಕಾರಣ. ಸುಟ್ಟುಹೋದ ಕಾರ್ಡಿನಲ್ಲಿ ಅದೇ ಸಂಜೆಯ ವಿಡಿಯೋ ಹೇಗೆ ಸಿಕ್ಕಿತು ಎಂಬ ಪ್ರಶ್ನೆಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಕಾರು ಮನೆಯದು. ಓಡಿಸುವವರು ವೈನಿ, ನನ್ನ ಅಣ್ಣನ ಹೆಂಡತಿ. ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಅಣ್ಣನ ಬಟ್ಟೆ ಅಂಗಡಿ ಇರುವುದು ಸೂಪರ್ ಮಾರ್ಕೆಟ್‌ನಲ್ಲಿ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ, ಹಾಗಾಗಿ ಅವನು ಬೈಕ್ ಒಯ್ಯುತ್ತಾನೆ. ಕಾರು ಬಟ್ಟೆ ಹೊದ್ದು ಮನೆಮುಂದೆ ನಿಂತಿರುತ್ತಿತ್ತು, ವೈನಿ ಬಸ್ಸಿನಲ್ಲಿ ನಿಂತು ಕಮಲಾಪುರಕ್ಕೆ ಹೋಗುತ್ತಿದ್ದರು. ಕಡೆಗೆ ಅವರೇ ಡ್ರೈವಿಂಗ್ ಕಲಿತು, ಲೈಸೆನ್ಸ್ ತಂದು ಅಪ್ಪನ ಮುಂದೆ ಇಟ್ಟರು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕಾರಿನ ಕೀ ಕೊಟ್ಟರು. ಕೊಡುವಾಗ ಒಂದು ಷರತ್ತು ಹಾಕಿದರು.

"ಕ್ಯಾಮೆರಾ ಹಾಕಸ್ರಿ ಮೊದ್ಲ. ರಸ್ತಾದಾಗ ಯಾರರೆ ಬಂದು ಗುದ್ದಿ ನಮ್ಮ ಮ್ಯಾಲೇ ಹಾಕ್ತಾರ. ಪುರಾವೆ ಇರಬೇಕು."

ಪುರಾವೆ ಯಾರ ವಿರುದ್ಧ ಎಂದು ನನಗೆ ಅಂದೇ ಅನುಮಾನ. ಇದೇ ಕಾರನ್ನು ಅಣ್ಣ ವರ್ಷಗಟ್ಟಲೆ ಓಡಿಸಿದ್ದಾನೆ, ಎರಡು ಸಲ ಕಂಬಕ್ಕೂ ಗುದ್ದಿದ್ದಾನೆ. ಆಗ ಯಾವ ಕ್ಯಾಮೆರಾದ ಮಾತೂ ಬಂದಿರಲಿಲ್ಲ.

ಕ್ಯಾಮೆರಾ ಅಣ್ಣ ತಂದ. ಕಾರ್ಡ್ ತರುವ ಕೆಲಸ ನನಗೆ ಬಂತು. ಹಾಡು, ಫೋಟೋ ತುಂಬಿಕೊಳ್ಳುವ ಸಾಮಾನ್ಯ ಕಾರ್ಡ್ ಇದಕ್ಕೆ ನಡೆಯುವುದಿಲ್ಲ ಎಂದು ನಾನು ಓದಿಕೊಂಡಿದ್ದೆ. ಅದರಲ್ಲಿ ಒಮ್ಮೆ ಬರೆದು ನೂರು ಸಲ ನೋಡುತ್ತೇವೆ. ಕಾರಿನ ಕ್ಯಾಮೆರಾ ಹಾಗಲ್ಲ. ಅದು ಇಡೀ ದಾರಿ ಬರೆಯುತ್ತಲೇ ಇರುತ್ತದೆ, ಜಾಗ ತುಂಬಿದೊಡನೆ ಹಳೆಯದನ್ನು ಒರೆಸಿ ಅದರ ಮೇಲೆ ಮತ್ತೆ ಬರೆಯುತ್ತದೆ. ಮಕ್ಕಳ ಪಾಟಿಯ ಹಾಗೆ. ದಿನವೂ ಒರೆಸಿಕೊಂಡರೂ ಸವೆಯದ ಪಾಟಿ ಬೇಕು. ಅಂಥ ಕಾರ್ಡಿನ ಪ್ಯಾಕೆಟ್ ಮೇಲೆ 'ಹೈ ಎಂಡ್ಯೂರೆನ್ಸ್' ಎಂದು ಬರೆದಿರುತ್ತದೆ, ಎಷ್ಟು ಬಿಸಿ ತಡೆಯುತ್ತದೆ ಎಂದೂ ಇರುತ್ತದೆ.

ಸೂಪರ್ ಮಾರ್ಕೆಟ್‌ನ ಮೊಬೈಲ್ ಸಾಮಾನಿನ ಅಂಗಡಿಯಾತ ಗಾಜಿನ ಮೇಲೆ ನಾಲ್ಕಾರು ಪ್ಯಾಕೆಟ್ ಹರವಿದ.

"ಯಾವ್ದಾರ ತಗೋರಿ ಮೇಡಂ, ಸಬ್ ಏಕ್ ಹೀ ಹೈ, ಎಲ್ಲಾ ಒಂದೇ. ಗ್ಯಾರಂಟಿ ಅದ."

"ಗ್ಯಾರಂಟಿ ಕಾರ್ಡಿಗೋ, ಕಾರ್ಡಿನೊಳಗಿನ ವಿಡಿಯೋಕ್ಕೋ?"

"ವಿಡಿಯೋಕ್ಕ ಯಾರ್ ಕೊಡ್ತಾರಮ್ಮಾ ಗ್ಯಾರಂಟಿ? ಫೋಟೋ ಸ್ಟುಡಿಯೋದವ್ರೂ ಕೊಡಂಗಿಲ್ಲ."

ನಾನು ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಪ್ಯಾಕೆಟ್ ಹಿಂದಿನ ಇರುವೆಯಂಥ ಅಕ್ಷರ ಓದಿದೆ. ಆತ ತೋರಿಸಿದ ಅಗ್ಗದ ಕಾರ್ಡಿನ ಮೇಲೆ, ಎಡೆಬಿಡದೆ ರೆಕಾರ್ಡ್ ಮಾಡುವ ಸಾಧನದಲ್ಲಿ ಹಾಕಿದರೆ ಗ್ಯಾರಂಟಿ ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಓದಿ ಹೇಳಿದೆ. ಆತ ಪಕ್ಕದ ಗಿರಾಕಿಯ ಕಡೆ ತಿರುಗಿ, "ಇವರು ಕಾರ್ಡ್ ಒಯ್ಯಾಕ ಬಂದಾರೋ, ನನ್ನ ಒಯ್ಯಾಕ ಬಂದಾರೋ" ಅಂದ.

ಕಡೆಗೆ ಹೈ ಎಂಡ್ಯೂರೆನ್ಸ್ ಎಂದಿದ್ದದ್ದನ್ನೇ ಒಯ್ದೆ. ಆದರೂ ಸಂಶಯ ಬಿಡಲಿಲ್ಲ. ಮಾರುಕಟ್ಟೆಯಲ್ಲಿ ಮೇಲೊಂದು ಬರೆದು ಒಳಗೊಂದು ಇಡುವ ನಕಲಿ ಕಾರ್ಡುಗಳಿವೆ. ನಿಜವಾದ ಜಾಗ ತುಂಬಿದ ಮೇಲೆ ಅವು ಬರೆದಂತೆ ನಟಿಸುತ್ತವೆ. ಮನೆಗೆ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಬಾಯಿತನಕ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿಸಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಕಸ. ಮರುದಿನ ಹೋಗಿ ಲ್ಯಾಪ್‌ಟಾಪಿನ ಪರದೆ ಸಮೇತ ಅಂಗಡಿಯಾತನ ಮುಂದಿಟ್ಟೆ. ಆತ ಒಳಗಿನ ಡ್ರಾದಿಂದ ಬೇರೊಂದು ಪ್ಯಾಕೆಟ್ ತೆಗೆದುಕೊಟ್ಟ. ಒಳಗಿನ ಡ್ರಾ ಯಾಕಿತ್ತು, ಯಾರಿಗಾಗಿ ಇತ್ತು ಎಂದು ಕೇಳಬೇಕೆನಿಸಿತು. ಎರಡನೆಯದನ್ನು ಹಾಗೆಯೇ ತುಂಬಿಸಿ ಓದಿಸಿದೆ. ಒಂದಕ್ಷರ ತಪ್ಪಲಿಲ್ಲ. ಅದೇ ಕಾರಿಗೆ ಹೋಯಿತು. ಹಾಗಾಗಿ ನನ್ನ ಮಾತಿಗೆ ಆಧಾರವಿದೆ. ಅದು ಕಳ್ಳ ಕಾರ್ಡಲ್ಲ, ಬಿಸಿಲಿಗೆ ಹೆದರುವ ಕಾರ್ಡೂ ಅಲ್ಲ.

ಅಪಘಾತವಾದರೆ ಮಾತ್ರ ವಿಡಿಯೋ ನೋಡುವುದು ಎಂದು ಮೊದಲು ಮಾತಾಗಿತ್ತು. ಒಂದು ರವಿವಾರ ಊಟವಾದ ಮೇಲೆ ಅಣ್ಣ ಸುಮ್ಮನೆ ಕಾರ್ಡ್ ತಂದು ಟಿವಿಗೆ ಚುಚ್ಚಿದ. ಆಮೇಲೆ ಅದು ರೂಢಿಯಾಯಿತು. ಕಮಲಾಪುರದ ರಸ್ತೆ ನಮ್ಮ ಹಾಲ್‌ನಲ್ಲಿ ಹರಿಯುತ್ತಿತ್ತು, ಅಪ್ಪ ರಿಮೋಟ್ ಹಿಡಿದು ದಿವಾನದ ಮೇಲೆ ಒರಗುತ್ತಿದ್ದರು. ಎಲೆಯಡಿಕೆ ಜಗಿಯುತ್ತ ಪಕ್ಕದ ಮನೆಯ ಕಾಕಾನೂ ಬರುತ್ತಿದ್ದರು.

"ಇಲ್ಲಿ ಹಾರ್ನ್ ಹೊಡೀಬೇಕಿತ್ತು."

"ಬ್ರೇಕ್ ತಡಾ ಹಚ್ಚ್ಯಾಳ ನೋಡ್ರಿ."

"ಇಲ್ಲ್ಯಾಕ ನಿಲ್ಲಿಸಿದ್ಯವಾ?"

"ನಿಮಗೇ ರೀ ಮಾವಾರ, ಕೆಂಪು ಬಾಳೆಹಣ್ಣು ತಗೊಂಡೆ," ಎಂದು ವೈನಿ ಅಡುಗೆಮನೆಯಿಂದ ಹೇಳುತ್ತಿದ್ದರು.

ಕ್ಯಾಮೆರಾಕ್ಕೆ ಕಿವಿಯೂ ಇದೆ ಎಂದು ಗೊತ್ತಾದದ್ದು ಅಣ್ಣ ಟಿವಿಯ ದನಿ ಏರಿಸಿದ ದಿನ. ಎದುರಿನ ಲಾರಿಗೆ ವೈನಿ, "ಹೋಗಪ್ಪಾ ಹೋಗು, ನಿಮ್ಮಪ್ಪಂದೇ ರೋಡು" ಅಂದದ್ದು ಕೇಳಿ ಎಲ್ಲರೂ ನಕ್ಕರು. ಅಪ್ಪ ಹಿಂದೆ ಸರಿಸಿ ಮತ್ತೆ ಕೇಳಿಸಿದರು. ಅದೇ ಭರದಲ್ಲಿ ಮುಂದಕ್ಕೆ ಓಡಿಸಿದಾಗ ಕಾರು ಶಾಲೆಯ ಆವರಣದಲ್ಲಿ ನಿಂತಿತ್ತು. ವೈನಿ ಇಳಿಯದೆ ಒಳಗೇ ಕೂತಿದ್ದರು. ದೊಡ್ಡದೊಂದು ಉಸಿರು, ಆಮೇಲೆ "ಶಿವಾ" ಎಂಬ ಮಾತು. ಅವ್ವ ಕೇಳಿದಳು, "ಏನ್ ಕಮ್ಮಿ ಆಗ್ಯಾದಂತ ಹಂಗ ಉಸುರು ಬಿಡ್ತಿ?" ವೈನಿ ಖಾಲಿ ತಾಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೋದರು. ನಾನೂ ಅಂದು ಮೊದಲ ಹಾಸ್ಯಕ್ಕೆ ನಕ್ಕವಳೇ.

ಇನ್ನು ಆ ದಿನದ ಮಾತು. ಬೆಳಿಗ್ಗೆ ಮಹಾಗಾಂವ ಕ್ರಾಸ್ ಹತ್ತಿರ ಬಾಳೆಗೊನೆ ತುಂಬಿದ್ದ ಟೆಂಪೋ ಒಂದಕ್ಕೂ ನಮ್ಮ ಕಾರಿಗೂ ತಾಗಿತು. ಯಾರಿಗೂ ಗಾಯವಾಗಲಿಲ್ಲ, ಕಾರಿನ ಎಡಗಡೆಯ ದೀಪ ಒಡೆಯಿತು. ಟೆಂಪೋದವನು ಕೈ ತೋರಿಸದೆ ತಿರುಗಿಸಿದ ಎಂಬುದು ವೈನಿಯ ಮಾತು. "ಮೇಡಂ ಫೋನ್‌ನ್ಯಾಗ ಮಾತಾಡ್ಕೋತ ಬಂದ್ರು" ಎಂಬುದು ಟೆಂಪೋದವನ ಮಾತು. ಆ ದಾರಿಯಲ್ಲಿ ಹೊರಟಿದ್ದ ಅಣ್ಣನ ಗಿರಾಕಿಯೊಬ್ಬರು ಜಗಳ ನೋಡಿ ಅಂಗಡಿಗೆ ಸುದ್ದಿ ಮುಟ್ಟಿಸಿದ್ದರಿಂದ, ಟೆಂಪೋದವನ ಮಾತೇ ಮೊದಲು ಮನೆಗೆ ಬಂತು. ವೈನಿಯ ಮಾತು ಮಧ್ಯಾಹ್ನ ಫೋನಿನಲ್ಲಿ ಬಂತು.

"ಕಾರ್ಡ್ ಮುಟ್ಟಬ್ಯಾಡ," ಅಣ್ಣ ಫೋನಿನಲ್ಲಿ ವೈನಿಗೆ ಹೇಳಿದ. "ಸಂಜೀಕ ಎಲ್ಲಾರೂ ಕೂಡಿ ನೋಡೋಣು."

ಅಪ್ಪ ಇನ್ನೂ ಸ್ಪಷ್ಟವಾಗಿ ಹೇಳಿ ಕಳಿಸಿದರು: "ದನಿನೂ ಬರ್ತದಲ್ಲ. ಫೋನ್‌ನ್ಯಾಗ ಇದ್ದಿದ್ದು ಖರೇ ಇದ್ರ ಕೀ ಈ ಕಡೆ ಕೊಡ್ಲಿ, ಮತ್ತ ಬಸ್ಸಿಗೇ ಹೋಗ್ಲಿ."

ಸಂಜೆ ವೈನಿ ಒಡೆದ ದೀಪದ ಕಾರು ನಿಲ್ಲಿಸಿ ಒಳಗೆ ಬಂದು, ಕೇಳುವ ಮೊದಲೇ ಕೀಯನ್ನು ಅಪ್ಪನ ಮುಂದಿನ ಟೀಪಾಯಿ ಮೇಲೆ ಇಟ್ಟರು. ಅಣ್ಣ ಕಾರ್ಡ್ ಚುಚ್ಚಿದ. ಶಾಲೆಯಿಂದ ಮನೆಗೆ ಬಂದ ದಾರಿ ಇತ್ತು. ಬೆಳಗಿನದು ಇರಲಿಲ್ಲ. ಹಿಂದಿನ ದಿನದ್ದೂ ಇರಲಿಲ್ಲ. ಅಣ್ಣ ಕಾರ್ಡನ್ನು ತೆಗೆದು, ಊದಿ, ಮತ್ತೆ ಚುಚ್ಚಿದ. ಅಷ್ಟೇ ಬಂತು.

ಆಗ ಯಾರೋ ಹೇಳಿದರು, ಇಡೀ ದಿನ ಬಿಸಿಲಾಗ ನಿಂತಿತ್ತು, ಸುಟ್ಟಿರಬೇಕು ಎಂದು. ಅಪ್ಪ ಆ ಮಾತನ್ನು ತಕ್ಷಣ ಹಿಡಿದರು.

"ಹೌದ್. ಶಾಲಿ ಆವರಣದಾಗ ನೆರಳೆಲ್ಲಿ ಅದ? ಸುಟ್ಟದ."

"ಅಪ್ಪಾ, ಸುಟ್ಟಿದ್ರ ಸಂಜೀದು ಹ್ಯಾಂಗ ಬಂತು?"

"ಸಂಜೀಕ ತಂಪಾತು, ಚಾಲೂ ಆತು. ನಮ್ಮ ಕೂಲರ್ ಮೋಟಾರ್ ಹಂಗೇ ಮಾಡ್ತದಲ್ಲ?"

"ಕೂಲರ್ ನಿಂತು ಚಾಲೂ ಆದ್ರ ನಿನ್ನೀ ಗಾಳಿ ವಾಪಸ್ ಹೋಗ್ತದೇನು?"

"ಕಾಲೇಜಿನ್ಯಾಗ ವಾದ ಮಾಡಿ ಕಪ್ ತರ್ತಾಳ, ಮನ್ಯಾಗ ವಾದ ಮಾಡಿ ತಲಿಶೂಲಿ ತರ್ತಾಳ," ಎಂದಳು ಅವ್ವ.

ಅಣ್ಣ ನನ್ನ ಕಡೆ ಬೆರಳು ತೋರಿಸಿದ. "ಇಕೀನೇ ಆರಿಸಿದ್ದು ಆ ಕಾರ್ಡ್. ದೊಡ್ಡ ಪರೀಕ್ಷಾ ಮಾಡಿದ್ಲು."

ಅಪ್ಪ ತೀರ್ಪು ಕೊಟ್ಟರು. ಪುರಾವೆ ಇಲ್ಲದ ಮೇಲೆ ಯಾರ ಮೇಲೂ ತಪ್ಪು ಹೊರಿಸುವುದು ಬೇಡ. ಕೀ ವೈನಿಯ ಹತ್ತಿರವೇ ಇರಲಿ. ಕಾರ್ಡನ್ನು ನಾನು ಅಂಗಡಿಯಾತನಿಗೆ ವಾಪಸ್ ಕೊಟ್ಟು ಬರಬೇಕು. ಎಲ್ಲರಿಗೂ ಸಮಾಧಾನವಾಯಿತು. ಸೋತದ್ದು ನಾನು ಮತ್ತು ಕಾರ್ಡ್.

ಕೋಣೆಗೆ ಹೋಗಿ ಅದನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಮೊದಲು ಅಣ್ಣನ ಮೇಲೆ ಸಂಶಯ ಬಂತು, ಏಕೆಂದರೆ ಕ್ಯಾಮೆರಾ ಚಾಲೂ ಇರುವಾಗಲೇ ಕಾರ್ಡ್ ಕೀಳುವುದು ಅವನ ಚಾಳಿ. ಆದರೆ ಹಾಗೆ ಕಿತ್ತರೆ ಕೊನೆಯದೊಂದು ವಿಡಿಯೋ ಹಾಳಾಗುತ್ತದೆ, ಹಿಂದಿನದೆಲ್ಲ ಮಾಯವಾಗುವುದಿಲ್ಲ. ಇನ್ನು ಗುದ್ದು ಬಿದ್ದಾಗ ಆ ಕ್ಷಣದ ವಿಡಿಯೋಕ್ಕೆ ಕ್ಯಾಮೆರಾ ತಾನೇ ಬೀಗ ಹಾಕುತ್ತದೆ. ಹಳೆಯದನ್ನು ಒರೆಸುತ್ತ ಹೋಗುವಾಗ ಬೀಗ ಹಾಕಿದ್ದನ್ನು ಮುಟ್ಟುವುದಿಲ್ಲ. ಅದೂ ಹೋಗಬೇಕಾದರೆ ಕ್ಯಾಮೆರಾದ ಮೆನುವಿಗೆ ಹೋಗಿ ಎಲ್ಲವನ್ನೂ ಅಳಿಸು ಎನ್ನಬೇಕು. ಖಂಡಿತವೇ ಎಂದು ಅದು ಮತ್ತೆ ಕೇಳುತ್ತದೆ. ಆಗ ಇನ್ನೊಮ್ಮೆ ಹೌದು ಎಂದು ಒತ್ತಬೇಕು. ಬಿಸಿಲಿಗೆ ಬೆರಳಿಲ್ಲ.

ವಿಡಿಯೋಗಳ ಸಂಖ್ಯೆ ಹೊಸದಾಗಿ ಒಂದರಿಂದ ಶುರುವಾಗಿತ್ತು. ಮೊದಲನೆಯದನ್ನು ತೆರೆದೆ. ಕಾರು ಇನ್ನೂ ಹೊರಟಿರಲಿಲ್ಲ. ಎದುರಿಗೆ ಶಾಲೆಯ ಗೋಡೆ, ಸೈಕಲ್ಲುಗಳ ಸಾಲು, ದೂರದಲ್ಲಿ ಮಕ್ಕಳ ಗದ್ದಲ. ಅಂದರೆ ಅಳಿಸಿದ್ದು ಕಮಲಾಪುರದಲ್ಲಿ, ಶಾಲೆಯ ಆವರಣದಲ್ಲಿ, ಕಾರಿನೊಳಗೆ ಕೂತು. ಅಣ್ಣ ಆಗ ಅಂಗಡಿಯಲ್ಲಿದ್ದ, ಅಪ್ಪ ಮನೆಯಲ್ಲಿದ್ದರು. ಕೀ ಇದ್ದದ್ದು ಒಬ್ಬರ ಹತ್ತಿರ.

ಯಾರೋ ಹೇಳಿದರು ಎಂದು ಮೇಲೆ ಬರೆದಿದ್ದೇನೆ. ಯಾರು ಎಂದು ಕೂತು ನೆನಪಿಸಿಕೊಂಡೆ. ಬಿಸಿಲಿನ ಮಾತು ಮೊದಲು ಆಡಿದವರು ವೈನಿ. ಮೆಲ್ಲಗೆ, ಯಾರ ಕಡೆಯೂ ನೋಡದೆ.

ಒಂದು ಮಾತು ಆಡಿದ್ದರೆ ನನ್ನ ಕಾರ್ಡ್ ಗೆಲ್ಲುತ್ತಿತ್ತು, ವೈನಿ ಬಸ್ಸಿಗೆ ಹೋಗುತ್ತಿದ್ದರು. ಆಡಲಿಲ್ಲ. ಆದರೆ ಸುಮ್ಮನಿರುವುದೂ ನನ್ನ ಕೈಲಾಗುವ ಕೆಲಸವಲ್ಲ. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಸಾಫ್ಟ್‌ವೇರ್ ಇದೆ. ಮೇಲೆ ಹೊಸದು ಬರೆಯುವವರೆಗೂ ಹಳೆಯದು ಒಳಗೇ ಉಳಿದಿರುತ್ತದೆ. ಹಾಕಿ ನೋಡಿದೆ. ಬೆಳಗಿನ ವಿಡಿಯೋದ ಹೆಸರು, ಹೊತ್ತಿನ ಸಮೇತ, ಪರದೆಯ ಮೇಲೆ ಬಂತು. ಹೊರತೆಗೆಯಲೇ ಎಂದು ಕೇಳಿತು. ಲ್ಯಾಪ್‌ಟಾಪ್ ಮುಚ್ಚಿದೆ.

ಮರುದಿನ ಬಾಳೆಹಣ್ಣಿನ ನೆಪ ಹೇಳಿ ವೈನಿಯ ಜೊತೆ ಕಮಲಾಪುರಕ್ಕೆ ಹೊರಟೆ. ಕಾರ್ಡಿಲ್ಲದ ಕ್ಯಾಮೆರಾ ಗಾಜಿಗೆ ಅಂಟಿಕೊಂಡು ಸುಮ್ಮನೆ ಕೆಂಪು ದೀಪ ಮಿಣುಕಿಸುತ್ತಿತ್ತು. ಊರು ದಾಟಿದ ಮೇಲೆ ಕಾರ್ಡನ್ನು ಅಂಗೈಯಲ್ಲಿಟ್ಟು ತೋರಿಸಿದೆ.

"ವಾಪಸ್ ಕೊಡ್ಲಿಲ್ಲೇನು?" ಅಂದರು ವೈನಿ.

"ಸುಟ್ಟಿದ್ರ ಕೊಡ್ತಿದ್ದೆ ರೀ."

ಗೇರ್ ಬದಲಿಸಿದರು. ಮುಂದಿದ್ದ ಟಂಟಂ ಆಟೋ ಒಂದಕ್ಕೆ ದಾರಿ ಬಿಟ್ಟರು.

"ಹೊಲಾ ಎಲ್ಲಾ ಒಣಗ್ಯಾವ ನೋಡು," ಅಂದರು.

"ವೈನಿ, ಅಳಿಸಿದ್ದು ಶಾಲಿಯೊಳಗ ಅಂತ ನನಗ ಗೊತ್ತದ. ಮನ್ಯಾಗ ಯಾರಿಗೂ ಹೇಳಿಲ್ಲ. ಫೋನ್‌ನ್ಯಾಗ ಇದ್ರೋ ಏನೋ, ಇಲ್ಲ ರವಿವಾರದಂಗ ನಮ್ಮ ಮುಂದ ಇನ್ನೊಮ್ಮೆ ಕೂಡೋದು ಬ್ಯಾಡ ಅನಿಸ್ತೋ ಏನೋ. ಎರಡಕ್ಕೂ ಬಟನ್ ಒಂದೇ."

ಮಹಾಗಾಂವ ಕ್ರಾಸ್ ಬಂತು. ವೇಗ ಕಡಿಮೆ ಮಾಡಿ, ಎರಡೂ ಕಡೆ ನೋಡಿ, ಹಾರ್ನ್ ಹೊಡೆದು ದಾಟಿದರು. ನಾನು ಕೇಳಿದೆ:

"ಇದರಾಗ ಬೆಳಗಿಂದು ಇನ್ನೂ ಅದ. ನೀವೇ ಹೇಳ್ರಿ ವೈನಿ, ನಾ ಅದನ್ನ ಹೊರಗ ತಗದ್ರ ನಿಮ್ಮ ಕೀ ಉಳೀತದೇನು, ಹೋಗ್ತದೇನು?"