ನೆಗೆಣ್ಣಿಯ ಹೊಟ್ಟೆನೋವು

ಬೀಸುವಾಗಲೂ ಅವಳ ಎಡಗೈ ಕಿಬ್ಬೊಟ್ಟೆಯನ್ನು ಒತ್ತಿಕೊಂಡೇ ಇರುತ್ತಿತ್ತು. ಬಲಗೈಯೊಂದೇ ಬೀಸುಗಲ್ಲು ತಿರುಗಿಸುತ್ತಿತ್ತು. ಅವಳು ನನ್ನ ನೆಗೆಣ್ಣಿ, ಭಾವನ ಹೆಂಡತಿ. ನಾನು ಮಾನ್ವಿಯ ಆ ಪೂಜಾರಿಕೆಯ ಮನೆಗೆ ಕಿರಿಸೊಸೆಯಾಗಿ ಬಂದದ್ದು ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಅಷ್ಟರಲ್ಲಿ ಅವಳ ಚೊಚ್ಚಲ ಕೂಸು ತೀರಿಹೋಗಿತ್ತು. ಆಮೇಲೆ ಎರಡು ಬಸಿರು ನಿಂತಿರಲಿಲ್ಲ. ತಿಂಗಳ ನಡುವೆಯೂ ಸೀರೆಗೆ ಕಲೆಯಾಗುತ್ತಿತ್ತು. ಕಲೆ ಕಂಡಾಗಲೆಲ್ಲ ಅತ್ತೆ ಅವಳನ್ನು ಮತ್ತೆ ಮೂರು ದಿನ ಹಿತ್ತಲಲ್ಲಿ ಕೂರಿಸುತ್ತಿದ್ದರು. ಅಲ್ಲಿಂದಲೇ ನನ್ನನ್ನು ಛೇಡಿಸುತ್ತಿದ್ದಳು: "ತಂಗೀ, ನಿನಗ ರೊಟ್ಟಿ ಬಡಿಯೋ ಕೆಲಸ, ನನಗ ಕಾಗಿ ಎಣಿಸೋ ಕೆಲಸ. ಯಾರ ಪುಣ್ಯ ಹೆಚ್ಚದ ಹೇಳು?"

ಕೊನೆಗೊಮ್ಮೆ ರಾಯಚೂರಿನ ದವಾಖಾನೆಗೆ ಕರೆದೊಯ್ದೆವು. ಡಾಕ್ಟರಮ್ಮ ನೋಡಿ ಹೇಳಿದರು: "ಹೆರಿಗ್ಯಾಗ ಕೂಸಿನ ಹಿಂದ ಬೀಳೋ ಮಾಸಿನ ಚೂರು ಒಳಗ ಉಳದಿತ್ತು. ಗರ್ಭಚೀಲದ ಒಳಪದರಕ್ಕ ಬಾವು ಹತ್ತಿ ಹಳೇದಾಗೇದ. ಅದಕ್ಕ ಬಸರು ನಿಂದರವಲ್ದು. ಈಕಿ ತಪ್ಪಲ್ರಿ. ಸ್ವಚ್ಛ ಮಾಡಿ ಔಷಧ ಕೊಡ್ತೀನಿ, ಹತ್ತು ದಿನ ಇಲ್ಲೇ ಬಿಡ್ರಿ."

"ದವಾಖಾನಿ ಕೂಳು ತಿಂದಾಕಿ ದೇವರ ಅಡಿಗಿ ಹ್ಯಾಂಗ ಮಾಡ್ತಾಳ್ರಿ?" ಎಂದರು ಅತ್ತೆ.

ನೆಗೆಣ್ಣಿ ನನ್ನ ಕೈ ಹಿಡಿದಳು. "ನೀ ಉಳದು ಮಡೀಲೆ ಒಂದಿಷ್ಟು ಬೇಯಿಸಿ ಹಾಕು ತಂಗೀ. ಹತ್ತೇ ದಿನ."

ನನಗಾಗ ಐದು ತಿಂಗಳು. ಅವಳ ಹತ್ತಿರ ಇದ್ದರೆ ನನ್ನ ಬಸಿರೂ ಇಳಿದೀತೆಂಬ ದರಿದ್ರ ಭಯ. "ಅತ್ತೀನ್ನ ಕೇಳ್ರಿ ಅಕ್ಕಾ" ಎಂದು ಕೈ ಬಿಡಿಸಿಕೊಂಡೆ. ಅದೇ ದಿನದ ಮೋಟಾರಿನಲ್ಲಿ ಎಲ್ಲರೂ ಹಿಂದಿರುಗಿದೆವು. ಭಾವನಿಗೆ ದೇವದುರ್ಗದ ಹುಡುಗಿಯನ್ನು ತಂದರು. ಆ ಮದುವೆಗೆ ಹೋಳಿಗೆ ಬೇಯಿಸಿದವಳೂ ಇವಳೇ.

ನಾನು ಹೆತ್ತ ದಿನವೂ ನೆಗೆಣ್ಣಿ ಹಿತ್ತಲಲ್ಲಿದ್ದಳು. ಗಂಡು ಹುಟ್ಟಿತೆಂದು ಎಲ್ಲರೂ ಸಕ್ಕರೆ ಹಂಚುವ ಸಂಭ್ರಮದಲ್ಲಿರುವಾಗ ಕಿಟಕಿಯಾಚೆಯಿಂದ ಸೂಲಗಿತ್ತಿಗೆ ಒದರಿದಳು: "ಯವ್ವಾ, ಮಾಸು ತಾಟಿನ್ಯಾಗ ಹಾಕಿ ನೋಡು! ಪೂರಾ ಬಂದದೇನು?"

ಬಂದಿರಲಿಲ್ಲ. ಒಂದು ಕಡೆ ಹರಿದಿತ್ತು. ಅಂದೇ ನನ್ನನ್ನು ರಾಯಚೂರಿಗೆ ಸಾಗಿಸಿದರು. ಹತ್ತು ದಿನ ದವಾಖಾನೆಯ ಅನ್ನವನ್ನೇ ಉಂಡೆ. ಗಂಡು ಹೆತ್ತವಳ ಬಾಯಿಗೆ ಮೈಲಿಗೆ ತಟ್ಟಲಿಲ್ಲ ನೋಡಿ!

ಮರಳಿದಾಗ ಅವಳು ಕೇಳಿದ್ದು ಇಷ್ಟೇ: "ಒಳಗಿಂದು ಪೂರಾ ತಗದ್ರೇನು?" ಮರುವರ್ಷ ಜ್ವರ ಏರಿ, ಅದೇ ಹೊಟ್ಟೆ ಹಿಡಿದುಕೊಂಡು ತೀರಿಕೊಂಡಳು.

ಆಮೇಲೆ ನಾನು ಇನ್ನೂ ಮೂರು ಹೆತ್ತೆ. ಅತ್ತೆಯನ್ನು ಬೈದು ಹಗುರಾಗಬಹುದು. ಆದರೆ ಹತ್ತು ದಿನ ಅನ್ನ ಬೇಯಿಸಲು ಒಲ್ಲೆನೆಂದವಳು ನಾನು. ದವಾಖಾನೆಯಿಂದ ಬಂದ ಮೇಲಾದರೂ, ಮಗನನ್ನು ತೊಡೆಯ ಮೇಲಿಟ್ಟುಕೊಂಡು, "ಅಕ್ಕನನ್ನೂ ಕಳಿಸಿರಿ" ಎಂದಿದ್ದರೆ ಆ ಮನೆಯಲ್ಲಿ ನನ್ನ ಮಾತು ನಡೆಯುತ್ತಿತ್ತು. ಅನ್ನಲಿಲ್ಲ.