ಊಟದವರೆಗೆ ಆಗುದಿಲ್ಲ

ಪುತ್ತೂರಿನ ಗೇರುಬೀಜ ಕಾರ್ಖಾನೆ ಮಾಲೀಕರ ಸಂಘದ ಪರವಾಗಿ ನಾನು ಮೊದಲ ಸಲ ಮಾತುಕತೆಗೆ ಕೂತಿದ್ದೆ. ಎದುರಿಗೆ ಕಾರ್ಮಿಕ ಸಂಘದ ಲೀಲಕ್ಕ ಒಬ್ಬರೇ. ಬೀಜ ಒಡೆಯುವ ಹೆಂಗಸರೆಲ್ಲ ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದರು. ಅವರಿಗೆ ಬೆಂಚಿನ ಬದಲು ಬೆನ್ನು ಒರಗಿಸುವ ಕುರ್ಚಿ ಬೇಕಿತ್ತು. ಕೊಡಬಹುದು ಅಂತ ಧಣಿಗಳು ಮೊದಲೇ ಹೇಳಿದ್ದರಿಂದ, "ಆಯ್ತು, ಕೊಡುವ" ಎಂದುಬಿಟ್ಟೆ.

ಲೀಲಕ್ಕ ಗಾಬರಿಯಲ್ಲಿ ಬಾಗಿಲು ಹಾಕಿದರು.

"ಎಂತ ಮಾರಾಯ್ರೆ, ಕೇಳಿದ ಕೂಡ್ಲೆ ಒಪ್ಪುದಾ? ಇನ್ನೂ ಕೇಳ್ಬಹುದಿತ್ತು ಅಂತ ನಮ್ಮವರು ನನಗೆ ಬೈತಾರೆ. ಇಷ್ಟು ಬೇಗ ಸೋತವರನ್ನು ನಿಮ್ಮ ಧಣಿಗಳು ಇನ್ನೊಮ್ಮೆ ಕಳಿಸ್ತಾರಾ? ಊಟದವರೆಗೆ ಆಗುದಿಲ್ಲ ಅಂತ ಹೇಳ್ತಾ ಇರಿ."

ಹೇಳಿದೆ. ಅವರು ಮೇಜು ಗುದ್ದಿ, ಜಗಲಿಗೆ ಕೇಳುವ ಹಾಗೆ ನನ್ನನ್ನು ಬೈದರು. ಊಟದ ಹೊತ್ತಿಗೆ ಒಪ್ಪಿದೆ. ಹೆಂಗಸರು ಅವರಿಗೆ ಜೈಕಾರ ಹಾಕಿದರು, ಚೆನ್ನಾಗಿ ಜಗ್ಗಾಡಿದೆ ಅಂತ ಧಣಿಗಳು ನನ್ನ ಬೆನ್ನು ತಟ್ಟಿದರು.

ಈಗಲೂ ದಾರಿಯಲ್ಲಿ ಸಿಕ್ಕಿದರೆ ಲೀಲಕ್ಕನಿಗೆ ಕೈ ಮುಗಿಯುತ್ತೇನೆ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು.