ಎಡಗಾಲಿನ ಅಚ್ಚು

ನಮ್ಮ ಭಾವನ ಅಂಗಡಿಯನ್ನು ಯಾರಾದರೂ ಚಪ್ಪಲಿ ಅಂಗಡಿ ಎಂದರೆ ಅವರಿಗೆ ಮೂಗಿನ ತುದಿಯಲ್ಲಿ ಕೋಪ. ‘ಶೂ ಅಂಗಡಿ ಅನ್ನಿ’ ಎಂದು ತಿದ್ದುತ್ತಾರೆ. ಇರುವುದು ಬೀದಿಗೆ ತೆರೆದ ಒಂದೇ ಕೋಣೆ. ಕಿಟಕಿಯ ಬಳಿ ನನ್ನ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಮರದ ಅಚ್ಚುಗಳು. ಅಚ್ಚು ಎಂದರೆ ಮರದಲ್ಲಿ ಕೆತ್ತಿದ ಪಾದ. ನಾನು ಹೊಲಿದ ಚರ್ಮವನ್ನು ಭಾವ ಅದರ ಮೇಲೆ ಎಳೆದು ಬಿಗಿದು ಶೂ ಮಾಡುತ್ತಾರೆ. ಕೈ ಬಂಗಾರ, ಬಾಯಿ ಬೆಂಕಿ. ಪಾಪ, ನಿಮ್ಮಕ್ಕ ಹೇಗೆ ಬಾಳುತ್ತಾಳೋ ಎಂದು ಜನ ಮರುಗಿದರೆ, ಅವಳೇನು ಕಡಿಮೆಯೇ ಎಂದು ನಾನು ಕೇಳುತ್ತೇನೆ.

ಅವರ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಳು. ಇನ್ನೂ ಒಂದನೇ ತರಗತಿ. ಹುಟ್ಟಿನಿಂದಲೇ ಅವಳ ಎಡಪಾದ ಬಲಪಾದಕ್ಕಿಂತ ತುಸು ಗಿಡ್ಡ. ಕೊಂಡು ತಂದ ಶೂ ಒಂದು ಸರಿಯಾದರೆ ಇನ್ನೊಂದು ಕಳಚಿ ಬೀಳುತ್ತಿತ್ತು. ಅದಕ್ಕೇ ಭಾವ ಅವಳಿಗೆಂದೇ ಒಂದು ಜೋಡಿ ಅಚ್ಚು ಕೆತ್ತಿದ್ದರು. ‘ನನ್ ಶೂ ಬೀಳಲ್ಲ, ನೋಡು ಚಿಕ್ಕಮ್ಮಾ!’ ಎಂದು ಅಂಗಡಿಯ ತುಂಬ ಓಡುತ್ತಿದ್ದಳು. ಅದನ್ನು ನೆನೆದರೆ ಈಗಲೂ ಕರುಳು ಚುರ್ ಎನ್ನುತ್ತದೆ.

ಅವಳು ಹೋದ ಮೇಲೆ ಭಾವ ಬಹಳ ದಿನ ಮಂಕಾಗಿ ಕೂತಿದ್ದರು. ಬಯ್ಯುವುದನ್ನೂ ಬಿಟ್ಟಿದ್ದರು ಎಂದರೆ ಊಹಿಸಿಕೊಳ್ಳಿ. ಆಮೇಲೆ ಒಂದು ಬೆಳಿಗ್ಗೆ, ಅವಳ ಶಾಲೆಯ ಒಂದನೇ ತರಗತಿ ಮಕ್ಕಳಿಗೆ ಪ್ರತಿವರ್ಷ ಅವಳ ಹೆಸರಿನಲ್ಲಿ ಶೂ ಕೊಡುವುದಾಗಿ ಹೇಳಿದರು. ಕೊಟ್ಟರೂ ಕೊಟ್ಟರು. ಆ ವಯಸ್ಸಿನ ಮಕ್ಕಳ ಕಾಲು ಹೆಚ್ಚುಕಡಿಮೆ ಒಂದೇ ಅಳತೆ ಎಂದು ಪ್ರತಿಯೊಂದು ಜೋಡಿಯನ್ನೂ ಅವಳ ಅಚ್ಚಿನ ಮೇಲೆಯೇ ಮಾಡಿದರು. ಆ ಅಚ್ಚಿನ ಜೋಡಿಯನ್ನು ನೋಡಿ ನೋಡಿ ಅವರ ಕಣ್ಣಿಗೆ ಅದೇ ಸಮ ಎನಿಸಿಬಿಟ್ಟಿತ್ತು. ಉಳಿದ ಮಕ್ಕಳ ಎಡಗಾಲು ಗಿಡ್ಡವಲ್ಲ ಎಂಬುದು ಜೀವಮಾನವಿಡೀ ಪಾದ ಅಳೆದ ಮನುಷ್ಯನಿಗೆ ಹೊಳೆಯಲಿಲ್ಲ. ಪಕ್ಕದಲ್ಲೇ ಕೂತ ನನಗೂ ಹೊಳೆಯಲಿಲ್ಲ.

ಗೊತ್ತಾದದ್ದು ಮೊನ್ನೆ ಶಾಲೆಯ ಮುಂದೆ ಹಾದುಹೋಗುವಾಗ. ಮಕ್ಕಳು ಗೇಟು ದಾಟಿ, ಬೀದಿಯ ತಿರುವಿನಲ್ಲಿ ಕೂತು, ಎಡಗಾಲಿನ ಶೂ ಕಿತ್ತು ಕೈಯಲ್ಲಿ ಹಿಡಿದು ಕುಂಟುತ್ತಾ ಹೊರಟರು. ಒಬ್ಬ ಪುಟ್ಟಿಯನ್ನು ನಿಲ್ಲಿಸಿದೆ. ಅವಳ ಶೂವಿನ ಮುಂಭಾಗ ಬಿರಿದಿತ್ತು.

‘ಕಚ್ಚುತ್ತೆ ಆಂಟಿ.’

‘ಮತ್ತೆ ಯಾರಿಗೂ ಹೇಳಲಿಲ್ವಾ?’

‘ಹೇಳ್ಬಾರ್ದಂತೆ. ಸತ್ತೋಗಿರೋ ಪಾಪು ಶೂ ಅಂತೆ.’

ಆ ಶೂ ಇಸಿದುಕೊಂಡು ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದೆ. ‘ಮೊದಲನೇ ವರ್ಷಾನೇ ಗೊತ್ತಾಯ್ತಮ್ಮ,’ ಎಂದರು ಆಕೆ. ‘ಮಗು ಕಳ್ಕೊಂಡೋರು. ಯಾವ ಬಾಯಲ್ಲಿ ಹೇಳೋದು?’

‘ಮಕ್ಕಳ ಬೆರಳು ನಜ್ಜಿಹೋದ್ರೆ ಪರವಾಗಿಲ್ವಾ?’ ಎಂದೆ. ಆಕೆ ನನಗೆ ನೀರು ಕೊಟ್ಟರು. ಮೈ ಉರಿದುಹೋಯಿತು. ಆ ಮನುಷ್ಯನ ಮೇಲಿನ ಕನಿಕರವನ್ನೆಲ್ಲ ಈ ಮಕ್ಕಳ ಕಾಲಿಗೆ ಕಟ್ಟಿ ಕಳಿಸಿದ್ದರಲ್ಲ!

ಮನೆಗೆ ಬಂದರೆ ಅಕ್ಕನೂ ಅದೇ ರಾಗ. ‘ಬಾಯಿ ಬಿಟ್ಟೀಯ, ಜೋಕೆ. ಅದೊಂದು ಕೆಲಸದಿಂದ ಎದ್ದು ಓಡಾಡ್ತಿದ್ದಾರೆ. ಅದನ್ನೂ ಕಿತ್ಕೋಬೇಡ.’ ತುಟಿ ಹೊಲಿದುಕೊಂಡು ಕೂತೆ. ಆದರೆ ಭಾವ ಮುಂದಿನ ವರ್ಷದ ಶೂಗಳಿಗೆಂದು ಅದೇ ಅಚ್ಚು ಕೆಳಗಿಳಿಸಿದಾಗ ತಡೆಯಲಾಗಲಿಲ್ಲ. ಬಿರಿದ ಶೂ ತಂದು ಅವರ ಮುಂದೆ ಕುಕ್ಕಿದೆ.

‘ಯಾವ ಕಪಿ ಹಾಕ್ಕೊಂಡಿದ್ದು ಇದನ್ನ?’ ಎಂದು ಶುರು ಮಾಡಿದರು. ‘ಈಗಿನ ಮಕ್ಕಳಿಗೆ ನೆಟ್ಟಗೆ ನಡೆಯೋಕೂ ಬರಲ್ಲ.’

‘ಎಲ್ಲರಿಗೂ ನಮ್ಮ ಪಾಪು ಕಾಲೇ ಇರುತ್ತಾ ಭಾವ?’

ಭಾವ ಎರಡು ಅಚ್ಚುಗಳನ್ನೂ ಅಂಗಾಲಿಗೆ ಅಂಗಾಲು ಸೇರಿಸಿ ಹಿಡಿದು ನೋಡಿದರು. ಮುಖ ಕಪ್ಪಿಟ್ಟಿತು. ಬೇರೆ ಅಚ್ಚು ತೆಗೆದುಕೊಳ್ಳಿ ಎಂದೆ.

‘ಹಾಗಾದ್ರೆ ಅದು ಯಾರೋ ಕೊಟ್ಟ ಶೂ. ಅವಳದ್ದಲ್ಲ,’ ಎಂದರು. ‘ಇನ್ಮೇಲೆ ಬೇಡ, ಬಿಡು.’

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಗಂಡನಿಗೆ ಹೇಳಿದಳು: ‘ಅವಳಿದ್ದಿದ್ರೆ ಕಾಲು ಬೆಳೀತಿರ್ಲಿಲ್ವಾ? ಗಿರಾಕಿಗಳಿಗೆ ಮಾಡಲ್ವಾ, ಹಾಗೇ ಬೆಳೆಸಿ.’

ಅಚ್ಚು ಚಿಕ್ಕದಾದರೆ ಅದರ ತುದಿಗೆ ಚರ್ಮದ ತುಂಡು ಬಡಿದು ದೊಡ್ಡದು ಮಾಡುವುದು ನಮಗೆ ದಿನನಿತ್ಯದ ಕೆಲಸ. ಭಾವ ತುಂಡು ಕತ್ತರಿಸಿ, ಹೆರೆದು, ಎಡ ಅಚ್ಚಿನ ಬೆರಳುಗಳ ಮೇಲೆ ಕೂರಿಸಿದರು. ಮೊಳೆ ಇಟ್ಟು ಸುತ್ತಿಗೆ ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು.

‘ಅದು ಮರ ಭಾವ, ಹೊಡೀರಿ,’ ಎಂದು ರೇಗಿದೆ.

‘ಮರ ಅಲ್ವಾ? ನೀನೇ ಹೊಡಿ,’ ಎಂದು ಸುತ್ತಿಗೆಯನ್ನು ನನ್ನ ಕಡೆ ಚಾಚಿದರು.

ತೆಗೆದುಕೊಂಡೆ. ಇಷ್ಟು ದಿನ ಮನಸ್ಸಿನಲ್ಲೇ ಊರಿಗೆಲ್ಲ ಬಯ್ದವಳು ನಾನು. ಎಡಗೈಯಲ್ಲಿ ಆ ಪುಟ್ಟ ಹಿಮ್ಮಡಿ ಹಿಡಿದಾಗ ನನ್ನ ಕೈಯೂ ಮೇಲೇಳಲಿಲ್ಲ.

ಅಕ್ಕ ಬಂದು ಸುತ್ತಿಗೆ ಕಿತ್ತುಕೊಂಡಳು. ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಸುತ್ತಿಗೆ ಹಿಡಿದು ಗೊತ್ತಿಲ್ಲದವಳು, ಮೊದಲ ಏಟು ತನ್ನ ಹೆಬ್ಬೆರಳಿಗೇ ಹೊಡೆದುಕೊಂಡಳು. ಎರಡನೆಯದು ಮೊಳೆಗೆ ಬಿತ್ತು, ಮೂರನೆಯದೂ.

‘ಏನ್ ನೋಡ್ತಾ ಕೂತಿದ್ದೀಯ?’ ಎಂದು ನನ್ನ ಮೇಲೆ ಸಿಡುಕಿದಳು. ‘ಹೊಲಿ.’